ಕೆಂಪಾಗಲೊಲ್ಲದ ಗಿಡ

ಕೆಂಪು ಬಣ್ಣದ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಉಳಿದ ವಿಷಯಗಳಲ್ಲಿ ಜಂಬ ಪಡುವಂಥದ್ದು ನನ್ನ ಹತ್ತಿರ ಹೆಚ್ಚೇನೂ ಇಲ್ಲ. ಏಳನೇ ಇಯತ್ತೆ ಮುಗಿಯುವ ಮೊದಲೇ ಶಾಲೆ ಬಿಟ್ಟು, ಗದಗಿನ ಕಡೆಯಿಂದ ಬಂದು, ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕುಲುಮೆಯ ಮುಂದೆ ಹದಿನೆಂಟು ವರ್ಷ ನಿಂತವನು ನಾನು. ಯಾರೋ ಕಡೆದು ಕಳಿಸಿದ ಗೇರು, ಶಾಫ್ಟುಗಳನ್ನು ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ಗಟ್ಟಿ ಮಾಡುವುದು ನಮ್ಮ ಕೆಲಸ. ಕುಲುಮೆಗೆ ಕಾವು ಅಳೆಯುವ ಮೀಟರು ಇದೆ. ಆದರೆ ಮೀಟರು ಕೆಟ್ಟ ದಿನ, ಓದಿ ಬಂದ ಎಂಜಿನಿಯರುಗಳು ಕುಲುಮೆಯನ್ನು ನೋಡುವುದಿಲ್ಲ, ನನ್ನ ಮುಖ ನೋಡುತ್ತಾರೆ.

ಯಾಕೆಂದರೆ ಉಕ್ಕಿನ ಕೆಂಪು ಒಂದೇ ಕೆಂಪಲ್ಲ. ಮೊದಲು ಬರುವುದು ಹುರಿದ ಮೆಣಸಿನಕಾಯಿಯಂಥ ಕಪ್ಪುಗೆಂಪು. ಆಮೇಲೆ ಇಟ್ಟಿಗೆ, ಆಮೇಲೆ ಗುಲಗಂಜಿ, ಆಮೇಲೆ ದಾಸವಾಳ. ದಾಸವಾಳ ದಾಟಿ ಕಿತ್ತಳೆಗೆ ಹೋದರೆ ಮಾಲು ಕೆಟ್ಟಿತು. ನನಗೆ ಈ ವಿದ್ಯೆ ಕಲಿಸಿದ ಮೇಸ್ತ್ರಿ, ಕುಲುಮೆಯ ಬಾಯಿಗೆ ಬೀಳುವ ಬಿಸಿಲಿಗೆ ಗೋಣಿಚೀಲ ಅಡ್ಡ ಹಿಡಿದು ನೋಡು ಎನ್ನುತ್ತಿದ್ದರು. ಕಬ್ಬಿಣದ ಮೊದಲ ಕೆಂಪು ಬಿಸಿಲಿನಲ್ಲಿ ಕಾಣುವುದಿಲ್ಲ, ನೆರಳಿನಲ್ಲಿ ಮಾತ್ರ ಕಾಣುತ್ತದೆ ಎಂದು ಅವರ ಮಾತು. ಈ ಹದಿನೆಂಟು ವರ್ಷದಲ್ಲಿ ಕೆಂಪಾಗದ್ದನ್ನು ಕೆಂಪಾಯಿತೆಂದು ನಾನು ಒಮ್ಮೆಯೂ ಹೇಳಿದವನಲ್ಲ. ಮಾಲಕರು ಹೇಳಿದರೂ ಹೇಳಿಲ್ಲ, ಲಾರಿ ಬಂದು ಗೇಟಿನಲ್ಲಿ ಹಾರನ್ ಹೊಡೆದರೂ ಹೇಳಿಲ್ಲ.

ಇಂಥ ನನ್ನನ್ನು ಒಂದು ಗಿಡ ಎರಡು ವರ್ಷ ಆಟ ಆಡಿಸಿತು.

ಗಿಡ ನಾನು ಕೊಂಡದ್ದಲ್ಲ. ನಮ್ಮ ಕಾರ್ಖಾನೆಯಲ್ಲಿ ಆಯುಧಪೂಜೆಗೆ ಸ್ವೀಟ್ ಬಾಕ್ಸು, ಹೊಸ ವರ್ಷಕ್ಕೆ ಕ್ಯಾಲೆಂಡರು ಎಂದು ಪದ್ಧತಿ. ಆ ವರ್ಷ ಹೊಸದಾಗಿ ಬಂದ ಮ್ಯಾನೇಜರು, ಪ್ರಾಯದವರು, ಕ್ರಿಸ್ಮಸ್ಸಿಗೂ ಹೊಸ ವರ್ಷಕ್ಕೂ ಸೇರಿಸಿ ಎಲ್ಲರಿಗೂ ಒಂದೊಂದು ಗಿಡ ಹಂಚಿದರು. ಕಪ್ಪು ಪ್ಲಾಸ್ಟಿಕ್ ಕುಂಡ, ಅದಕ್ಕೆ ಬಂಗಾರದ ಬಣ್ಣದ ಕಾಗದದ ಲಂಗ, ಮೇಲೆ ತಟ್ಟೆಯಷ್ಟಗಲ ಕೆಂಪು. ಅದರ ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಇಂದಿಗೂ ಹತ್ತಿಲ್ಲ. ನಾವೆಲ್ಲ ಕ್ರಿಸ್ಮಸ್ ಗಿಡ ಎಂದೆವು. ಸ್ವೀಟು ಸಿಗದ ಸಿಟ್ಟಿಗೆ ಅರ್ಧ ಜನ ಗಿಡವನ್ನು ಬಸ್ ಸ್ಟಾಪಿನಲ್ಲೇ ಇಳಿಸಿ ಹೋದರು. ಮರುದಿನ ತುಮಕೂರು ರಸ್ತೆಯ ಬದಿ, ಏಳುತ್ತಿದ್ದ ಮೆಟ್ರೋ ಕಂಬದ ಬುಡದಲ್ಲಿ, ಏಳೆಂಟು ಕೆಂಪು ಗಿಡಗಳು ಬಸ್ಸಿಗೆ ಕಾಯುವವರಂತೆ ಸಾಲಾಗಿ ಕೂತಿದ್ದವು. ದನ ಕೂಡ ಮೂಸಿ ಮುಂದೆ ಹೋಗುತ್ತಿತ್ತು.

ನಾನು ಮಾತ್ರ ನನ್ನದನ್ನು ತೊಡೆಯ ಮೇಲಿಟ್ಟುಕೊಂಡು ಮಾದನಾಯಕನಹಳ್ಳಿಯ ನನ್ನ ಕೋಣೆಗೆ ತಂದೆ. ನೋಡಿದೊಡನೆ ಕಣ್ಣು ಹೇಳಿತ್ತು: ಇದು ಗುಲಗಂಜಿ ದಾಟಿದ, ದಾಸವಾಳ ಮುಟ್ಟಿದ ಕೆಂಪು. ಸರಿಯಾದ ಹದ. ಹದ ಬಂದ ಮಾಲನ್ನು ರಸ್ತೆಗೆ ಎಸೆಯುವವನು ನಾನಲ್ಲ.

ಅದೇ ವಾರ ನೀಲವ್ವ ಬಂದಳು. ನೀಲವ್ವ ನನ್ನ ಹೆಂಡತಿ. ನಮ್ಮೂರಿನಲ್ಲೇ ಅಂಗನವಾಡಿ ಟೀಚರು. ನನಗಿಂತ ಐದು ಇಯತ್ತೆ ಹೆಚ್ಚು ಓದಿದವಳು. ನಮಗೆ ಮಕ್ಕಳಿಲ್ಲ ಎಂದು ಯಾರಾದರೂ ಅಂದರೆ ಒಪ್ಪುವುದಿಲ್ಲ, ತನಗೆ ಮೂವತ್ತೆರಡು ಎನ್ನುತ್ತಾಳೆ. ಆ ಮೂವತ್ತೆರಡನ್ನು ಬಿಟ್ಟು ಅವಳು ಇಲ್ಲಿಗೆ ಬರುವಂತಿಲ್ಲ, ಕುಲುಮೆ ಬಿಟ್ಟು ನಾನು ಅಲ್ಲಿಗೆ ಹೋಗುವಂತಿಲ್ಲ. ಹಬ್ಬಕ್ಕೆ ನಾನು ಊರಿಗೆ ಹೋಗುತ್ತೇನೆ, ನಾಲ್ಕು ದಿನ ಅಳಿಯನಂತೆ ಇದ್ದು ಬರುತ್ತೇನೆ. ಆದರೆ ನಾನು ಅಲ್ಲಿಗೆ ಹೋಗುವುದು ಬೇರೆ, ಅವಳು ಇಲ್ಲಿಗೆ ಬರುವುದು ಬೇರೆ. ಇಲ್ಲಿ ನನ್ನದೊಂದು ಕಿಟಕಿ ಇದೆ, ನನ್ನದೊಂದು ಸ್ಟೋವ್ ಇದೆ, ಗೂಟಕ್ಕೆ ತೂಗುಹಾಕಿದ ನನ್ನ ಕಾಕಿ ಅಂಗಿ ಇದೆ. ಗಂಡ ದುಡಿಯುವ ಜಾಗದಲ್ಲಿ ಹೇಗಿರುತ್ತಾನೆಂದು ಹೆಂಡತಿ ನೋಡಬೇಕು ಎಂಬ ಆಸೆ ನನಗೆ ಮದುವೆಯಾದ ವರ್ಷದಿಂದಲೂ ಇತ್ತು. ಬಾಯಿಬಿಟ್ಟು ಹೇಳಿರಲಿಲ್ಲ. ಕರೆದು, ಅವಳು ಆಗುವುದಿಲ್ಲ ಎಂದುಬಿಟ್ಟರೆ? ಅಂಥ ಮಾತು ಕೇಳಿಸಿಕೊಂಡು ಕುಲುಮೆಯ ಮುಂದೆ ನಿಲ್ಲುವುದು ಕಷ್ಟ.

ಆ ಸಲವೂ ಅವಳು ಬಂದದ್ದು ನನಗಾಗಿ ಅಲ್ಲ. ಸರ್ಕಾರದ ಯಾವುದೋ ತರಬೇತಿ, ಬೆಂಗಳೂರಿನಲ್ಲಿ. ಒಂದು ರಾತ್ರಿ ಕೋಣೆಯಲ್ಲಿ ಉಳಿದಳು. ಒಳಗೆ ಕಾಲಿಟ್ಟವಳು ಕಿಟಕಿಯ ಕಡೆ ನೋಡಿ ನಿಂತುಬಿಟ್ಟಳು.

"ಅಯ್ಯ! ಎಷ್ಟು ಚಂದ ಐತಲ್ರೀ ಇದು! ನೀವು ತಂದ್ರೇನು?"

"ಹೂಂ. ನೀ ಬರ್ತಿ ಅಂತ ತಂದೆ," ಎಂದೆ.

ಆ ಮಾತಿನ ಆಯುಷ್ಯ ಹತ್ತು ನಿಮಿಷ. ಮನೆ ಮಾಲಕಿ ಜಯಮ್ಮ, ಕೆಳಗಿನ ಮನೆಯವರು, ಹೊಸಬರು ಬಂದ ವಾಸನೆಗೆ ಮೇಲೆ ಹತ್ತಿ ಬಂದರು. "ಏನವ್ವಾ, ಗಿಡ ನೋಡ್ತಿದ್ದೀಯಾ? ಫ್ಯಾಕ್ಟ್ರಿಲಿ ಎಲ್ಲಾರ್ಗೂ ಕೊಟ್ರಂತೆ. ಮಿಕ್ಕೋರೆಲ್ಲಾ ಬಿಸಾಕವ್ರೆ, ನಿನ್ ಗಂಡ ಒಬ್ಬ ಒತ್ಕೊಂಡ್ ಬಂದವ್ನೆ," ಎಂದರು. ನೀಲವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಅಂಥ ನಗುವನ್ನು ಆ ಕೋಣೆಯಲ್ಲಿ ಅದಕ್ಕೆ ಮೊದಲು ಯಾರೂ ನಕ್ಕಿರಲಿಲ್ಲ.

ಮರುದಿನ ಯಶವಂತಪುರದಲ್ಲಿ ರೈಲು ಹತ್ತಿಸುವಾಗ, ಮತ್ತೆ ಯಾವಾಗ ಬರ್ತಿ ಎಂದು ಕೇಳಬೇಕೆಂದು ಬಾಯಿ ತೆರೆದೆ. "ನೀರಿನ ಬಾಟ್ಲಿ ಇಟ್ಕೊಂಡೀಯೇನು?" ಎಂದೆ. ರೈಲು ಅಲುಗಿತು. ಅವಳೇ ಕಿಟಕಿಯಿಂದ, "ಆ ಗಿಡ ಮುಂದಿನ ವರ್ಷ ಮತ್ತ ಹಂಗ ಕೆಂಪಾದ್ರ ಹೇಳ್ರಿ. ಬರ್ತೇನಿ," ಎಂದಳು.

ಹೇಳುವವರು ಹಗುರಾಗಿ ಹೇಳಿಬಿಡುತ್ತಾರೆ, ಕೇಳಿಸಿಕೊಂಡವರ ಪಾಡು ಬೇರೆ. ಕೆಂಪಾಗಿಸುವುದೆಂದರೆ ನನ್ನ ಉದ್ಯೋಗ. ಇಷ್ಟೇ ತಾನೆ ಎಂದುಕೊಂಡೆ.

ಫೆಬ್ರವರಿ ಕಳೆಯುವುದರೊಳಗೆ ಕೆಂಪೆಲ್ಲ ಉದುರಿತು. ಬಂಗಾರದ ಕಾಗದ ನೀರನ್ನು ಹೊರಗೆ ಬಿಡದೆ ಬೇರು ಕೊಳೆಯುತ್ತಿತ್ತು. ಅದನ್ನು ಕಿತ್ತು, ಕುಂಡದ ತಳಕ್ಕೆ ಕಾದ ಸಲಾಕೆಯಿಂದ ನಾಲ್ಕು ತೂತು ಹಾಕಿದೆ. ಮೇಲಿನ ಮಣ್ಣು ಬೆರಳಿಗೆ ಒಣಗಿದಂತೆ ಕಂಡಾಗ ಮಾತ್ರ ನೀರು ಎಂದು ನಿಯಮ ಮಾಡಿಕೊಂಡೆ. ಕಡ್ಡಿ ಮುರಿದರೆ ಬಿಳಿ ಹಾಲು ಬರುತ್ತಿತ್ತು, ಕೈಗೆ ಹತ್ತಿದರೆ ತುರಿಕೆ. ಬೇಸಿಗೆಯಲ್ಲಿ ಗಿಡ ಮತ್ತೆ ಚಿಗುರಿ ಹುಲುಸಾಗಿ ಬೆಳೆಯಿತು. ಎಲ್ಲವೂ ಹಸಿರು. ಎಂಥ ಹಸಿರು ಅಂತೀರಿ, ನಮ್ಮ ಕಡೆಯ ಪುಂಡಿಪಲ್ಯದ ಸೊಪ್ಪಿನಂಥ ಹಸಿರು.

ನವೆಂಬರ್ ಬಂತು, ಹಸಿರೇ. ಕೆಂಪಿಗೆ ಏನು ಬೇಕು? ಹದಿನೆಂಟು ವರ್ಷ ಕೆಂಪಿನ ಮುಂದೆ ನಿಂತವನಿಗೆ ಉತ್ತರ ಒಂದೇ: ಕಾವು. ಗಿಡವನ್ನು ಕಾರ್ಖಾನೆಗೆ ಒಯ್ದು ಕುಲುಮೆಯಿಂದ ಹತ್ತು ಹೆಜ್ಜೆ ದೂರದಲ್ಲಿ, ಬಿಸಿ ಗಾಳಿ ಬೀಸುವಲ್ಲಿ, ಸ್ಟೂಲಿನ ಮೇಲೆ ಇಟ್ಟೆ. ಜೊತೆಯವರು ಬಿಡುತ್ತಾರೆಯೇ? "ಏನ್ ಗುರು, ಗಿಡಾನೂ ಹಾರ್ಡನಿಂಗ್ ಮಾಡ್ತೀಯಾ?" "ಎಣ್ಣೇಲಿ ಅದ್ದೋದು ಯಾವಾಗ ಈರಣ್ಣಾ?" ಎಂದು ದಿನಕ್ಕೊಬ್ಬರು. ನಾಲ್ಕನೇ ದಿನಕ್ಕೆ ಎಲೆಗಳ ಅಂಚು ಹಪ್ಪಳದಂತೆ ಸುರುಳಿ ಸುತ್ತಿತು. ಬಣ್ಣ ಬಂತು ನಿಜ, ಅದು ಬೀಡಿ ಎಲೆಯ ಬಣ್ಣ.

ಆ ಡಿಸೆಂಬರಿನಲ್ಲಿ ನೀಲವ್ವ ಫೋನಿನಲ್ಲಿ ಕೇಳಿದಳು, "ಏನಂತೈತ್ರೀ ನಿಮ್ಮ ಗಿಡ?"

"ಹಸರ ಅದ."

"ಹಂಗಾರ ಇರ್ಲಿ ಬಿಡ್ರಿ," ಎಂದಳು. ಆಮೇಲೆ ಮಕ್ಕಳ ತೂಕದ ವಿಷಯ ಮಾತಾಡಿದಳು. ಮೂವತ್ತೆರಡು ಮಕ್ಕಳ ತೂಕವನ್ನೂ ಒಂದೊಂದಾಗಿ ಹೇಳಿದಳು. ನಾನೂ ಕೇಳಿಸಿಕೊಂಡೆ.

ಜನವರಿಯ ಒಂದು ಭಾನುವಾರ ಜಾಲಹಳ್ಳಿಯ ಕಡೆ ಹೋಗಿದ್ದೆ. ಅಲ್ಲಿಯ ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸಿನ ಬೀದಿಗಳಲ್ಲಿ ನಡೆಯುವುದು ನನ್ನ ಒಂದು ಚಟ. ಹಾರನ್ ಇಲ್ಲ, ಧೂಳಿಲ್ಲ, ದೊಡ್ಡ ಮರಗಳ ಕೆಳಗೆ ಸಣ್ಣ ಮನೆಗಳು. ಗಂಡ ಹೆಂಡತಿ ಒಂದೇ ಸೂರಿನಡಿ ಕೂತು ಭಾನುವಾರದ ಅವರೆಕಾಳು ಸುಲಿಯುವ ಜಗತ್ತು. ಒಂದು ಕಾಂಪೌಂಡಿನ ಮೂಲೆಯಲ್ಲಿ ನನ್ನ ಗಿಡ ಕಂಡಿತು. ನನ್ನದಲ್ಲ, ಅದರ ದೊಡ್ಡಪ್ಪ. ಮನೆಯ ಸಜ್ಜಾದಷ್ಟು ಎತ್ತರ, ನೆತ್ತಿಯಿಂದ ಸೊಂಟದವರೆಗೆ ಕೆಂಪೋ ಕೆಂಪು. ನನಗೆ ಅವಮಾನವೇ ಆಯಿತು. ಕೆಳಗೆ ಒಬ್ಬ ಮುದುಕ ಕಸ ಗುಡಿಸುತ್ತಿದ್ದ. ಮುನಿಯಪ್ಪ ಎಂದು ಹೆಸರು, ಆ ಬೀದಿಯ ತೋಟದ ಕೆಲಸದವನು.

"ಇದಕ್ಕೇನ್ ಹಾಕ್ತೀರಿ ತಾತಾ?"

"ಏನೂ ಇಲ್ಲ ಸಾಮಿ. ದಸರಾ ಕಳೀತಿದ್ದಂಗೆ ಅದ್ರ ಪಾಡಿಗೆ ಅದು ಕೆಂಪಾಯ್ತದೆ."

ನಾನು ಕುಲುಮೆಯ ಕಥೆ ಹೇಳಿದೆ. ಅವನು ಪೊರಕೆ ಕೆಳಗಿಟ್ಟು ನಕ್ಕ. "ಕಾವು ಕೊಟ್ರಾ? ಅಯ್ಯೋ ದೇವ್ರೇ! ಇದಕ್ಕೆ ಬೇಕಾಗಿರೋದು ಕತ್ಲೆ ಸಾಮಿ. ಸಂಜೆಯಿಂದ ಬೆಳಗಾಗೋಗಂಟ ಒಂದೇ ಸಮ ಕತ್ಲೆ ಇರ್ಬೇಕು. ಹದಿನಾಲ್ಕು ಗಂಟೆ ಅಂತ ಇಟ್ಕಳಿ. ಮಧ್ಯದಾಗೆ ಯಾರಾದ್ರೂ ಲೈಟ್ ಹಾಕಿದ್ರೆ ಕ್ವಾಪ ಮಾಡ್ಕತ್ತದೆ. ಎರಡು ತಿಂಗ್ಳು ಅಂಗೆ ನೋಡ್ಕಂಡ್ರೆ ಕೆಂಪಾಯ್ತದೆ." ಆಮೇಲೆ ಒಂದು ಕೊಂಬೆ ಬಗ್ಗಿಸಿ, "ಇದು ಹೂವಲ್ಲ, ತಿಳ್ಕಳಿ. ಇದು ಎಲೆ. ಹೂವು ಅಗೋ, ಮಧ್ಯದಾಗೆ ಸಾಸಿವೆ ಕಾಳಿನಂಗೆ ಅದೆಯಲ್ಲ, ಅದು," ಎಂದ.

ಮನೆಗೆ ಬರುವ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ನಮ್ಮ ಜನ ಒಳ್ಳೆಯದಕ್ಕೆಲ್ಲ ದೀಪ ಹಚ್ಚುವವರು. ಕತ್ತಲೆಗೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ಆದರೆ ಮಾವಿನಕಾಯಿ ಹಣ್ಣಾಗುವುದು ಹುಲ್ಲಿನ ಕತ್ತಲೆಯಲ್ಲಿ. ಮಡಕೆಕಾಳು ಮೊಳಕೆ ಬರುವುದು ಬಟ್ಟೆಯ ಗಂಟಿನೊಳಗೆ. ಮೊಸರು ಹೆಪ್ಪಾಗುವುದು ಮುಚ್ಚಳದ ಕೆಳಗೆ. ಇದೆಲ್ಲ ನನ್ನ ಅವ್ವನಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು, ಆದರೂ ಗಿಡವನ್ನು ಕುಲುಮೆಯ ಮುಂದೆ ಕೂರಿಸಿದೆ. ಕೈಯಲ್ಲಿ ಒಂದೇ ವಿದ್ಯೆ ಇದ್ದವನು ಲೋಕವನ್ನೆಲ್ಲ ಅದರಲ್ಲೇ ಅಳೆಯುತ್ತಾನೆ.

ನನ್ನ ಕೋಣೆಯಲ್ಲಿ ಎಲ್ಲವೂ ಕಡಿಮೆಯೇ. ಆದರೆ ಕತ್ತಲೆಯೂ ಕಡಿಮೆ ಎಂದು ಅಂದೇ ಗೊತ್ತಾದದ್ದು. ಎದುರಿಗೆ ಒಂದು ಗೋದಾಮು, ಅದರ ಅಂಗಳದ ಹಳದಿ ದೀಪ ರಾತ್ರಿಯಿಡೀ ನನ್ನ ಕಿಟಕಿಗೆ ಮುಖ ಮಾಡಿ ಉರಿಯುತ್ತದೆ. ಜಾಲಹಳ್ಳಿಯ ಗಿಡಕ್ಕೆ ಪುಕ್ಕಟೆ ಸಿಗುವ ರಾತ್ರಿಯನ್ನು ನನ್ನ ಗಿಡಕ್ಕೆ ನಾನೇ ಮಾಡಿಕೊಡಬೇಕಾಗಿತ್ತು.

ಆ ವರ್ಷ ಮಾರ್ಚಿನಲ್ಲಿ ಗಿಡ ಕತ್ತರಿಸಿದೆ, ಮಣ್ಣು ಬದಲಿಸಿದೆ. ದಸರಾ ಮುಗಿದ ಮರುದಿನ ಗೇರು ತುಂಬಿ ಬರುವ ದಪ್ಪ ರಟ್ಟಿನ ಪೆಟ್ಟಿಗೆಯೊಂದನ್ನು ತಂದು, ಸಂದುಗಳಿಗೆ ಕಪ್ಪು ಟೇಪು ಸುತ್ತಿ, ಗಿಡದ ಮೇಲೆ ಬೋರಲು ಹಾಕಿದೆ. ಹದಿನಾಲ್ಕು ಗಂಟೆ. ನಮ್ಮ ಕುಲುಮೆಯಲ್ಲಿ ಆರು ಗಂಟೆ ಎಂದರೆ ಆರು ಗಂಟೆ, ಹಗಲಾದರೇನು ರಾತ್ರಿಯಾದರೇನು. ನನಗೆ ವಾರ ವಾರ ಶಿಫ್ಟು ಬದಲು. ಹಾಗಾಗಿ ಗಿಡದ ರಾತ್ರಿಯೂ ನನ್ನೊಂದಿಗೆ ಬದಲಾಯಿತು. ಒಂದು ವಾರ ಸಂಜೆಯಿಂದ ಬೆಳಗಿನವರೆಗೆ, ಮುಂದಿನ ವಾರ ಮಧ್ಯಾಹ್ನದಿಂದ ನಸುಕಿನವರೆಗೆ. ಎರಡನೆಯ ಭಾನುವಾರ ಇದನ್ನು ಹೆಮ್ಮೆಯಿಂದ ಮುನಿಯಪ್ಪನಿಗೆ ಹೇಳಿದೆ. ಅವನು ನನ್ನನ್ನು ಬಹಳ ಹೊತ್ತು ನೋಡಿದ. "ಗಿಡಕ್ಕೂ ಶಿಫ್ಟ್ ಹಾಕಿದ್ರಾ ಸಾಮಿ? ನಿಮ್ಗೇ ನಿದ್ದೆ ಸರಿಯಾಗ್ ಬರಾಕಿಲ್ಲ, ಅದಕ್ಕೆಲ್ಲಿ ಬತ್ತದೆ?"

ಹದಿನೆಂಟು ವರ್ಷದಲ್ಲಿ ನಾನು ಆಫೀಸಿನ ಬಾಗಿಲು ತಟ್ಟಿ ಏನನ್ನೂ ಕೇಳಿದವನಲ್ಲ. ಸೋಮವಾರ ತಟ್ಟಿದೆ. ಡಿಸೆಂಬರಿನವರೆಗೆ ನನಗೆ ಜನರಲ್ ಶಿಫ್ಟು ಬೇಕು ಎಂದೆ.

"ಯಾಕ್ ಈರಣ್ಣ, ಮನೇಲಿ ಯಾರಿಗಾದ್ರೂ ಹುಷಾರಿಲ್ವಾ?" ಎಂದರು ಮ್ಯಾನೇಜರು. ಹೌದು ಅಂದಿದ್ದರೆ ಮುಗಿಯುತ್ತಿತ್ತು. ಆದರೆ ನಾಲಿಗೆ ಒಪ್ಪಲಿಲ್ಲ.

"ಗಿಡಕ್ಕ ಸಾರ್. ನೀವು ಕೊಟ್ಟಿದ್ದು."

ಅವರು ಪೆನ್ನು ಕೆಳಗಿಟ್ಟರು. "ಅದು ಇನ್ನೂ ಇದೆಯಾ?" ಅವರ ಮುಖದಲ್ಲಿ ಆಗ ಕಂಡ ಸಂತೋಷ, ಉತ್ಪಾದನೆಯ ಗುರಿ ಮುಟ್ಟಿದ ತಿಂಗಳೂ ನಾನು ಕಂಡಿರಲಿಲ್ಲ. ಜನರಲ್ ಶಿಫ್ಟು ಸಿಕ್ಕಿತು.

ಅಲ್ಲಿಂದ ನನ್ನ ದಿನಚರಿ ಮಗ್ಗದ ಲಾಳಿಯಂತಾಯಿತು. ಸಂಜೆ ಆರಕ್ಕೆ ಬಂದು ಪೆಟ್ಟಿಗೆ ಮುಚ್ಚು, ಬೆಳಿಗ್ಗೆ ಎಂಟಕ್ಕೆ ತೆಗೆ. ಜಯಮ್ಮನಿಗೆ ಮೊದಲ ದಿನವೇ ಅನುಮಾನ. "ಏನಪ್ಪಾ ಅದ್ರೊಳಗೆ? ಕೋಳಿಮರಿ ಸಾಕಿದ್ದೀಯಾ ನನ್ ಮನೇಲಿ?" ಗಿಡ ಎಂದೆ. "ಗಿಡಕ್ಯಾಕಪ್ಪಾ ಜೈಲು? ಎಂಥ ಪಾಪ ಮಾಡಿತ್ತು ಅದು?" ಎಂದು ತಲೆ ಚಚ್ಚಿಕೊಂಡರು.

ದೀಪಾವಳಿ ಬಂತು. ಊರಿಗೆ ಹೋದರೆ ನಾಲ್ಕು ಸಂಜೆ ಪೆಟ್ಟಿಗೆ ಮುಚ್ಚುವವರಿಲ್ಲ. ಈ ಸಲ ಬರಲಾಗುವುದಿಲ್ಲ ಎಂದು ನೀಲವ್ವನಿಗೆ ಫೋನು ಮಾಡಿದೆ. ಕಾರಣ ಕೇಳಿದಳು, ಹೇಳಿದೆ.

"ಹಬ್ಬದಾಗ ಹೇಣ್ತಿ ಬಿಟ್ಟು ಗಿಡದ ಕೂಡ ಕುಂದರ್ತೀರೇನು? ಅದಕ್ಕ ಎಣ್ಣಿ ಹಚ್ಚಿ ನೀರೂ ಎರೀರಿ ಮತ್ತ!"

ಹಬ್ಬದ ಸಂಜೆ ಕೇರಿಯೆಲ್ಲ ಹಣತೆ, ಆಕಾಶಬುಟ್ಟಿ, ಸುರುಸುರು ಬತ್ತಿ. ನಾನು ದೀಪ ಆರಿಸಿಕೊಂಡು, ಪೆಟ್ಟಿಗೆಯೊಳಗಿನ ಗಿಡದ ಪಕ್ಕ, ಒಬ್ಬನೇ ಮಂಡಕ್ಕಿ ತಿನ್ನುತ್ತಾ ಕೂತಿದ್ದೆ. ಅವಳನ್ನು ಬರಮಾಡಿಕೊಳ್ಳುವುದಕ್ಕೆಂದು ಅವಳಿದ್ದಲ್ಲಿಗೆ ಹೋಗದೆ ಕೂತ ಜಾಣ ನಾನು.

ನವೆಂಬರ್ ಮುಗಿಯುತ್ತ ಬಂದರೂ ಎಲೆ ಹಸಿರೇ. ಲೆಕ್ಕದಲ್ಲಿ ತಪ್ಪಿಲ್ಲ, ಟೇಪಿನಲ್ಲಿ ತೂತಿಲ್ಲ. ಒಂದು ಸಂಜೆ ನಾನು ಊಟಕ್ಕೆ ಹೋಗುವ ಖಾನಾವಳಿ ಮುಚ್ಚಿತ್ತು. ರೊಟ್ಟಿ ಸಿಗದೆ ಬೇಗ ವಾಪಸು ಬಂದೆ. ಕೋಣೆಯಲ್ಲಿ ಟ್ಯೂಬ್‌ಲೈಟು ಉರಿಯುತ್ತಿತ್ತು. ಏಳು ಗಂಟೆಗೆ ನಲ್ಲಿಯಲ್ಲಿ ನೀರು ಬಂದಾಗ ನನ್ನ ಡ್ರಮ್ಮು ತುಂಬಿಸಲೆಂದು ಒಂದು ಕೀ ಜಯಮ್ಮನ ಹತ್ತಿರ ಇರುತ್ತದೆ. ಡ್ರಮ್ಮು ತುಂಬುತ್ತಿತ್ತು. ಜಯಮ್ಮ ಪೆಟ್ಟಿಗೆಯನ್ನು ಎತ್ತಿ ಪಕ್ಕಕ್ಕಿಟ್ಟು, ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತು, ಸೆರಗಿನಿಂದ ಗಾಳಿ ಹಾಕುತ್ತಿದ್ದರು. "ಉಸಿರಾಡ್ಕೊಳವ್ವಾ, ಅವ್ನು ಬರೋಗಂಟ ಉಸಿರಾಡ್ಕೊ."

ದಿನಾ ಸಂಜೆ ಹೀಗೇ ಅಂತೆ, ಅವರೇ ಹೇಳಿದರು! ಕುಲುಮೆಯ ಬಾಗಿಲನ್ನು ಮಧ್ಯದಲ್ಲಿ ತೆರೆದವನಿಗೆ ನಾನು ಏನು ಅನ್ನುತ್ತೇನೋ ಅದನ್ನೆಲ್ಲ ಅಂದೆ. ನನ್ನ ಎರಡು ತಿಂಗಳು ಹಾಳಾಯಿತು, ಅವಳು ಇನ್ನು ಬರುವುದಿಲ್ಲ ಎಂದೂ ಅಂದೆ. ಆ ಕೊನೆಯ ಮಾತು ಬಾಯಿತಪ್ಪಿ ಬಂದದ್ದು.

ಜಯಮ್ಮ ಎದ್ದು ನಿಂತರು. "ಯಾರು ಬರಲ್ಲ? ನಿನ್ ಎಂಡ್ರಾ? ಗಿಡ ಕೆಂಪಾಗ್ಲಿಲ್ಲ ಅಂತ ಬರಲ್ವಾ?" ನಾನು ಪೆಟ್ಟಿಗೆಗೆ ಕೈ ಹಾಕಿದೆ. "ಅಲ್ಲ ಕಣೋ ಈರಣ್ಣ, ಬಾ ಅಂತ ಒಂದ್ ದಿನ ಬಾಯ್ಬಿಟ್ಟು ಕರ್ದಿದ್ದೀಯಾ ಅವಳ್ನ? ಅದನ್ನ ಏಳು ನಂಗೆ ಮೊದ್ಲು."

ಡ್ರಮ್ಮು ತುಂಬಿ ಚೆಲ್ಲುತ್ತಿತ್ತು. ಇಬ್ಬರೂ ನಲ್ಲಿ ನಿಲ್ಲಿಸಲಿಲ್ಲ.

ಆಮೇಲೆ ಜಯಮ್ಮ ಪೆಟ್ಟಿಗೆ ಮುಟ್ಟಲಿಲ್ಲ. ಕತ್ತಲೆಯಲ್ಲೇ ಬಂದು ಕತ್ತಲೆಯಲ್ಲೇ ಡ್ರಮ್ಮು ತುಂಬಿಸಿದರು, ಎರಡು ಸಲ ಬಾಗಿಲಿಗೆ ಹಣೆ ತಾಗಿಸಿಕೊಂಡರು. ಡಿಸೆಂಬರಿನ ಕೊನೆಗೆ ಒಂದು ಬೆಳಿಗ್ಗೆ ಪೆಟ್ಟಿಗೆ ಎತ್ತಿದಾಗ ನೆತ್ತಿಯ ಎರಡು ಎಲೆಗಳಲ್ಲಿ ಬಣ್ಣ ತಿರುಗಿತ್ತು. ಮೇಸ್ತ್ರಿ ಹೇಳಿದ್ದ ಮೊದಲ ಕೆಂಪು, ನೆರಳಿಗೆ ಹಿಡಿದರೆ ಮಾತ್ರ ಕಾಣುವಂಥದ್ದು. ವಾರದಲ್ಲಿ ಆ ಎರಡೂ ಗುಲಗಂಜಿಯಾದವು. ಉಳಿದ ಇಪ್ಪತ್ತು ಮೂವತ್ತು ಎಲೆ ಕದಲಲಿಲ್ಲ. ಮಧ್ಯದಲ್ಲಿ ಸಾಸಿವೆಯಷ್ಟು ಒಂದು ಮೊಗ್ಗು.

ಆ ಮೊಗ್ಗನ್ನು ನೋಡುತ್ತ ನನಗೆ ನಗು ಬಂತು. ಹೂವು ಇಷ್ಟು. ಇದನ್ನು ಜನ ನೋಡಲಿ ಎಂದು ಸುತ್ತ ಅಷ್ಟೊಂದು ಎಲೆ ಕೆಂಪಾಗಬೇಕು. ನಾನು ಹೇಳಬೇಕಾಗಿದ್ದ ಮಾತೂ ಒಂದೇ ಅಕ್ಷರದ್ದು. ಅದರ ಸುತ್ತ ಕುಂಡ, ಕುಲುಮೆ, ಪೆಟ್ಟಿಗೆ, ಶಿಫ್ಟು, ಎರಡು ವರ್ಷ.

ಫೋನು ಮಾಡಿದೆ. "ನೀಲಾ, ಎರಡ ಎಲಿ ಕೆಂಪಾಗ್ಯಾವ. ಎರಡ. ಸುಳ್ಳು ಹೇಳಂಗಿಲ್ಲ ನಾ." ಆಮೇಲೆ ಹೇಳಿದೆ, "ಗಿಡದ ಮಾತಿರ್ಲಿ. ನೀ ಬಾ."

ಆ ಕಡೆ ಮಕ್ಕಳ ಗದ್ದಲ ಕೇಳುತ್ತಿತ್ತು. ಅವಳು ಅವರನ್ನು ಗದರಿ ಸುಮ್ಮನಾಗಿಸಿದಳು. "ಏನಂದ್ರಿ? ಮತ್ತೊಮ್ಮೆ ಅನ್ರಿ."

"ಬಾ ಅಂದೆ."

"ಹೂಂ," ಎಂದಳು. ದನಿ ಸ್ವಲ್ಪ ಬೇರೆಯಾಗಿತ್ತು. "ಎರಡ ಎಲಿಗೆ ಎರಡ ದಿನ ಬರ್ತೇನಿ. ಹೆಚ್ಚಿಗಿ ಕೇಳಬ್ಯಾಡ್ರಿ, ರಜಾ ಇಲ್ಲ."

ಬಂದಳು. ಜೋಳದ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಂದಳು. ನನ್ನ ಸ್ಟೋವಿನ ಮಸಿ ತಿಕ್ಕಿದಳು, ಕಾಕಿ ಅಂಗಿಯ ಸುಟ್ಟ ತೂತುಗಳನ್ನು ಎಣಿಸಿದಳು. ಜಯಮ್ಮನ ಜೊತೆ ಮೆಟ್ಟಿಲ ಮೇಲೆ ಕೂತು ನನ್ನ ಮೇಲೆ ಚಾಡಿ ಹೇಳಿದಳು, ಕೇಳಿಯೂ ಕೊಂಡಳು. ಸಂಜೆ ಆರಕ್ಕೆ ನಾನು ಪೆಟ್ಟಿಗೆ ಎತ್ತಿಕೊಂಡಾಗ ಕೈಯಿಂದ ಕಸಿದು ತಾನೇ ಮುಚ್ಚಿದಳು, ಮಲಗಿದ ಮಗುವಿಗೆ ಹೊದಿಕೆ ಎಳೆದಂತೆ.

ಎರಡು ದಿನ ಎಂದರೆ ಎಷ್ಟು ಹೊತ್ತು? ಮೂರನೆಯ ಬೆಳಿಗ್ಗೆ ಅವಳ ಚೀಲ ಬಾಗಿಲ ಬಳಿ ತಯಾರಾಗಿ ನಿಂತಿತ್ತು. ನಾನು ಚಪ್ಪಲಿ ಮೆಟ್ಟುತ್ತಿದ್ದೆ. ಅವಳು ಕಿಟಕಿಯ ಹತ್ತಿರ ಹೋಗಿ ಗಿಡದ ಒಂದು ಎಲೆಯನ್ನು ಬೆರಳ ಮೇಲಿಟ್ಟುಕೊಂಡು ಬಗ್ಗಿ ನೋಡಿದಳು.

"ಇಲ್ಲಿ ಬರ್ರಿ. ಇದೂ ಕೆಂಪಾಗಾಕತ್ತೈತಿ, ಅಲ್ಲೇನ್ರೀ?"

ಹತ್ತಿರ ಹೋದೆ. ಬೆಳಕಿಗೆ ಹಿಡಿದು ನೋಡಿದೆ, ಅಂಗೈ ಅಡ್ಡ ಇಟ್ಟು ನೆರಳಿನಲ್ಲೂ ನೋಡಿದೆ. ಹದಿನೆಂಟು ವರ್ಷದ ಕಣ್ಣು. ಕೆಂಪಿನ ಸುಳಿವೇ ಇರಲಿಲ್ಲ. ನರ ಹಸಿರು, ಅಂಚು ಹಸಿರು. ಅಪ್ಪಟ ಪುಂಡಿಪಲ್ಯ.

ಅವಳು ಎಲೆಯನ್ನು ನೋಡುತ್ತಿರಲಿಲ್ಲ. ನನ್ನ ಮುಖ ನೋಡುತ್ತಿದ್ದಳು, ಮೀಟರು ಕೆಟ್ಟ ದಿನ ಎಂಜಿನಿಯರುಗಳು ನೋಡುವ ಹಾಗೆ.

"ಹೌದು," ಎಂದೆ. "ಕೆಂಪ ಅದ."

ಅವಳು ಚೀಲ ಎತ್ತಿ ಒಳಗಿಟ್ಟಳು.